ಒಗೆಯದೆ ಇಟ್ಟ ಕೌದಿ

ಮಾನವಮಿ ಹತ್ತಿರ ಬಂದಿತೆಂದರೆ ನಮ್ಮ ಕಡೆಯ ಊರುಗಳಿಗೆಲ್ಲ ತೊಯ್ದ ಕೌದಿಯ ವಾಸನೆ ಬರುತ್ತದೆ. ಹಳೆಯ ಸೀರೆ, ಹರಿದ ಧೋತರಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ನೀರು ಕುಡಿದರೆ ಎಮ್ಮೆಗರುವಿನಷ್ಟು ಭಾರವಾಗುತ್ತದೆ. ಎರಡು ದಿನ ಬಿಸಿಲು ಕಂಡರೂ ಅದರ ಒಳಪದರ ಒಣಗುವುದಿಲ್ಲ. ಸೋಡಾ, ಹಳ್ಳದ ನೀರು, ಹಳೆಯ ಅರಿವೆ, ವರ್ಷವಿಡೀ ಅದನ್ನು ಹೊದ್ದವರ ಮೈ, ಎಲ್ಲ ಕೂಡಿದ ಒಂದು ವಾಸನೆ ಆ ಒಳಪದರದಿಂದ ಏಳುತ್ತದೆ. ನಾನೀಗ ಇರುವ ನರಗುಂದದ ಓಣಿಯಲ್ಲಿ ವಾಷಿಂಗ್ ಮಷೀನು ಇಲ್ಲದ ಮನೆಯಿಲ್ಲ. ಆದರೂ ನವರಾತ್ರಿಯ ಘಟ ಕೂಡ್ರಿಸುವ ಮುಂಚೆ ಮನೆಯ ಹಾಸಿಗೆಯೆಲ್ಲ ಹೊರಬಿದ್ದು ನೀರು ಕಾಣಲೇಬೇಕು, ಇಲ್ಲದಿದ್ದರೆ ಹಬ್ಬ ಮನೆಯೊಳಗೆ ಕಾಲಿಡುವುದಿಲ್ಲ. ಕಂಪೌಂಡಿನ ಗೋಡೆ, ನಿಂತ ಟ್ರ್ಯಾಕ್ಟರು, ಮಾಳಿಗೆಯ ಕಟ್ಟೆ, ಎಲ್ಲೆಲ್ಲೂ ಕೌದಿ. ನಾನೂ ಒಗೆಯುತ್ತೇನೆ. ಒಂದನ್ನು ಬಿಟ್ಟು. ಎದುರುಮನೆಯಾಕೆ ಪ್ರತಿ ವರ್ಷ, ಟ್ರಂಕಿನಾಗಿಂದು ಈ ಸಲನೂ ತಗ್ಯಂಗಿಲ್ಲೇನ್ರಿ ಟೀಚರ್ ಎಂದು ಕೇಳುತ್ತಾಳೆ, ನಾನು ಸಾಲಿಗೆ ಹೊತ್ತಾಯಿತೆಂದು ಜಾರಿಕೊಳ್ಳುತ್ತೇನೆ. ಒಗೆಯಲಾರದ ಅರಿವೆ ನಿಮ್ಮ ಮನೆಯಲ್ಲೂ ಒಂದಿದ್ದರೆ, ನಾನು ಮುಂದೆ ಹೇಳುವುದಕ್ಕೆ ಹೆಚ್ಚಿನ ವಿವರಣೆ ನಿಮಗೆ ಬೇಕಾಗುವುದಿಲ್ಲ.

ರೋಣದಲ್ಲಿ ನಮ್ಮದು ಮಣ್ಣಿನ ಚಾವಣಿಯ ಮೇಲ್ಮುದ್ದೆ ಮನೆ. ಮುಂದೆ ಕಲ್ಲಿನ ಕಟ್ಟೆ, ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ಒಂದು ಎಮ್ಮೆ, ಆ ಎಮ್ಮೆಗೆ ವರ್ಷಕ್ಕಾಗುವಷ್ಟು ಜೋಳದ ಕಣಿಕೆಯ ಬಣವೆ. ಅಜ್ಜ, ಅಂದರೆ ನನ್ನ ಅಪ್ಪನ ಅಪ್ಪ, ಜವಳಿ ವ್ಯಾಪಾರಿ. ಅಂಗಡಿ ಗಿಂಗಡಿ ಏನೂ ಇರಲಿಲ್ಲ, ಹೆಗಲೇ ಅಂಗಡಿ. ಗಜೇಂದ್ರಗಡಕ್ಕೆ ಹೋಗಿ ನೇಕಾರರ ಮನೆಯಿಂದ ಸೀರೆ ತಂದು, ಗಂಟು ಕಟ್ಟಿಕೊಂಡು, ಕೈಯಲ್ಲಿ ಅರಿವೆ ಅಳೆಯುವ ಕಬ್ಬಿಣದ ಗಜ ಹಿಡಿದು ಅಸೂಟಿ, ಮುಶಿಗೇರಿ ಎಂದು ಊರೂರು ನಡೆಯುತ್ತಿದ್ದ. ಸೀರೆ ಕೊಳ್ಳುವ ಮುನ್ನ ಕಣ್ಣಿಗಿಂತ ಮೊದಲು ಮೂಗಿಗೆ ಹಿಡಿಯುತ್ತಿದ್ದನಂತೆ. ಗಂಜಿಯ ವಾಸನೆಯಲ್ಲೇ ಇದು ಯಾವ ಮನೆಯ ಮಗ್ಗದ್ದು, ನೂಲು ಹೊಸದೋ ಹಳೆಯದೋ ಎಂದು ಹೇಳುತ್ತಿದ್ದನಂತೆ. ನಾನು ಕಣ್ಣು ಬಿಡುವ ಹೊತ್ತಿಗೆ ಆ ವ್ಯಾಪಾರ ಮುಗಿದಿತ್ತು, ಗಜ ಮಾತ್ರ ಪಡಸಾಲೆಯ ಮೂಲೆಯಲ್ಲಿ ನಿಂತಿರುತ್ತಿತ್ತು. ಮಾರಾಟವಾಗದೆ ಉಳಿದ ತುಂಡುಗಳನ್ನೆಲ್ಲ ಆಯಿ, ಅಂದರೆ ಅಜ್ಜನ ಹೆಂಡತಿ, ಕೌದಿಗೆ ಹಚ್ಚಿ ಮುಗಿಸಿದ್ದಳು. ಅಜ್ಜನ ಕೌದಿಯ ಮೇಲ್ಪದರ ಗಜೇಂದ್ರಗಡದ ಮಗ್ಗದ ಕೆಂಪು ಅಂಚಿನದು. ನಾನು ಚಿಕ್ಕವಳಿದ್ದಾಗ ಆ ಅಂಚನ್ನು ಬಾಯಲ್ಲಿಟ್ಟುಕೊಂಡು ಮಲಗುತ್ತಿದ್ದೆ.

ಅಪ್ಪ ಪೊಲೀಸ್ ಇಲಾಖೆಯ ಶ್ವಾನದಳದಲ್ಲಿದ್ದ. ಜಿಲ್ಲೆಯ ಊರಲ್ಲಿ ಅವನ ಠಾಣೆ, ಅವನ ಜೊತೆಗೆ ಒಂದು ಕರಿಯ ಡಾಬರ್ಮನ್ ನಾಯಿ. ದಫ್ತರದಲ್ಲಿ ಅದರ ಹೆಸರು ರೀಟಾ. ಆಯಿಗೆ ಹೆಣ್ಣೆಂದ ಮೇಲೆ ಬರೀ ರೀಟಾ ಎನ್ನಲು ಬಾಯಿ ಬರಲಿಲ್ಲ, ರೀಟವ್ವ ಅಂದಳು. ಗಜೇಂದ್ರಗಡದ ಕಡೆ ಕಳ್ಳತನವೋ ಬಂದೋಬಸ್ತೋ ಇದ್ದಾಗ ಜೀಪು ನಮ್ಮ ಬಾಗಿಲಿಗೆ ಒಂದು ಗಳಿಗೆ ನಿಲ್ಲುತ್ತಿತ್ತು. ಅಪ್ಪ ಇಳಿಯುವ ಮೊದಲೇ ಅವನ ವಾಸನೆ ಇಳಿಯುತ್ತಿತ್ತು. ನಾಯಿಯನ್ನು ಹಿಡಿಯುವ ತೊಗಲಿನ ಪಟ್ಟಾಕ್ಕೆ ಅವನು ಕುಸುಬಿ ಎಣ್ಣೆ ತಿಕ್ಕುತ್ತಿದ್ದ, ಆ ಎಣ್ಣೆ ಅವನ ಅಂಗೈಯಲ್ಲಿ ಖಾಯಂ ಆಗಿತ್ತು. ರೀಟಾ ಅವನ ಕೈಯಿಂದ ಬಿಟ್ಟರೆ ಯಾರು ಹಾಕಿದ್ದನ್ನೂ ತಿನ್ನುತ್ತಿರಲಿಲ್ಲ, ಹಾಗೆ ಕಲಿಸಿದ್ದರು. ಆಯಿಗೆ ಇದು ದೊಡ್ಡ ಅವಮಾನ. ಬಿಸಿರೊಟ್ಟಿ ಹಾಲಲ್ಲಿ ಕಿವುಚಿ ಮುಂದಿಟ್ಟರೆ ರೀಟಾ ಅದನ್ನು ನೋಡಿ ಮುಖ ತಿರುಗಿಸಿ ಕೂಡುತ್ತಿತ್ತು. ಮನೆಗೆ ಬಂದ ಹೆಣ್ಣುಮಗಳು ಹಸಿದು ಹೋಗುತ್ತಾಳೆ, ಇದು ಎಂಥ ಸರಕಾರ ಎಂದು ಆಯಿ ಗೊಣಗುವಳು. ಕೊನೆಗೆ ಅಪ್ಪನೇ ಆ ತಾಟನ್ನು ಎತ್ತಿ ತನ್ನ ಕೈಯಿಂದ ತಿನ್ನಿಸಿದ ಮೇಲೆ ಆಕೆಗೆ ಸಮಾಧಾನ. ಅಜ್ಜ ಮಾತ್ರ ಕಟ್ಟೆಯ ಮೇಲೆ ಕೂತು, ನಿಂದೂ ನಂದೂ ಮೂಗಿನ ವ್ಯಾಪಾರ, ನಾವು ನಾವು ತಿಳಕೊಂಡೇವಿ ಎಂದು ರೀಟಾಗೆ ಹೇಳಿ ನಗುತ್ತಿದ್ದ.

ನಮ್ಮನ್ನು ನಗಿಸಲು ಅಪ್ಪ ಒಮ್ಮೊಮ್ಮೆ ಒಂದು ಆಟ ಆಡಿಸುತ್ತಿದ್ದ. ಅಜ್ಜ ತಲೆಗೆ ಸುತ್ತುವ ಪಟಕಾವನ್ನು ರೀಟಾಗೆ ಮೂಸಿಸಿ, ಅಜ್ಜನದೇ ಇನ್ನೊಂದು ವಸ್ತುವನ್ನು ನಾವು ಎಲ್ಲಾದರೂ ಬಚ್ಚಿಡಬೇಕು. ನೆಲುವಿನ ಮೇಲೆ, ಬೀಸುವ ಕಲ್ಲಿನ ಸಂದಿಯಲ್ಲಿ, ಜೋಳದ ಚೀಲದ ಹಿಂದೆ, ಎಲ್ಲಿಟ್ಟರೂ ರೀಟಾ ಹುಡುಕುತ್ತಿತ್ತು. ಆದರೆ ಬೊಗಳುತ್ತಿರಲಿಲ್ಲ, ಬಾಯಿ ಹಾಕುತ್ತಿರಲಿಲ್ಲ. ಸಿಕ್ಕ ಜಾಗದ ಮುಂದೆ ಸುಮ್ಮನೆ ಕೂಡುತ್ತಿತ್ತು. ಬೆನ್ನು ನೆಟ್ಟಗೆ, ಕಿವಿ ನೆಟ್ಟಗೆ, ಅಪ್ಪನ ಮುಖವನ್ನೇ ನೋಡುತ್ತ. ಅದು ಕೂತಿತೆಂದರೆ ಸಿಕ್ಕಿತು ಎಂದು ಅರ್ಥ. ಒಂದು ಸಲ ನಾನು ಏನೂ ಬಚ್ಚಿಡದೆ ಬಚ್ಚಿಟ್ಟೆನೆಂದು ಸುಳ್ಳು ಹೇಳಿದೆ. ರೀಟಾ ಮನೆಯೆಲ್ಲ ಸುತ್ತಿ ನೇರ ಹೋಗಿ ಅಜ್ಜನ ಮುಂದೆ ಕೂತಿತು. ಎಲ್ಲರೂ ನಕ್ಕರು. ಅಪ್ಪ ಆ ದಿನ ನನ್ನ ಕಿವಿ ಹಿಂಡಿ ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ.

"ನಾಯಿ ಸುಳ್ಳ ಹೇಳಂಗಿಲ್ಲ, ಸಾವಿ. ಸುಳ್ಳ ಏನಿದ್ರೂ ಪಟ್ಟಾದ ಈ ತುದಿಯಾಗ ಇರತೈತಿ, ಮನಿಶಾರ ಕಡೆ."

ನನಗೆ ಹತ್ತು ವರ್ಷವಾಗುವ ಹೊತ್ತಿಗೆ ಅಜ್ಜ ಮರೆಯತೊಡಗಿದ. ಮೊದಲು ಮಂದಿಯ ಹೆಸರು ಹೋದವು, ಆಮೇಲೆ ಉಂಡದ್ದು ಹೋಯಿತು, ಆಮೇಲೆ ತನಗೆ ವಯಸ್ಸಾದದ್ದೇ ಮರೆತುಹೋಯಿತು. ಬೆಳಗಾದರೆ ಗಜ ಹುಡುಕುತ್ತ, ಸಂತಿಗೆ ಹೊತ್ತಾತು ಅನ್ನುವನು. ಇದು ಮನೆಗೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದಿತ್ತು. ಅಜ್ಜನಿಗೆ ಹಾಸಿಗೆಯಲ್ಲೇ ಹೋಗಿಬಿಡುತ್ತಿತ್ತು. ಅದು ಆಯಿಗೆ ಗೊತ್ತು, ಅವರಿಬ್ಬರ ನಡುವೆ ಮಲಗುತ್ತಿದ್ದ ನನಗೆ ಗೊತ್ತು, ಅಷ್ಟೆ. ಸೊಸೆಯರು ಏಳುವ ಮುಂಚೆ ಎದ್ದು, ಅಜ್ಜನ ಧೋತರ ಬದಲಿಸಿ, ನೆಲ ಒರೆಸಿ, ಕೌದಿಯ ಒದ್ದೆ ಭಾಗಕ್ಕೆ ಬೂದಿ ತಿಕ್ಕಿ ಆಯಿ ಏನೂ ಆಗಿಲ್ಲದವಳಂತೆ ಒಲೆಯ ಮುಂದೆ ಕೂತಿರುತ್ತಿದ್ದಳು. ಅಪ್ಪನಿಗೂ ಹೇಳಲಿಲ್ಲ. ಊರೂರು ತಿರುಗಿ ಮಂದಿಯ ಮಾನ ಮುಚ್ಚುವ ಅರಿವೆ ಮಾರಿದ ಮನುಷ್ಯ, ಇವನ ಮಾನ ನಾವು ತೆಗೆಯಬಾರದು ಎಂದು ಒಮ್ಮೆ ನನ್ನ ಕೈಮೇಲೆ ಕೈಯಿಟ್ಟು ಆಣೆ ಮಾಡಿಸಿಕೊಂಡಳು. ಆಣೆ ಅಂದರೆ ಆಗ ದೊಡ್ಡ ವಸ್ತು. ಆಯಿಯ ಗುಟ್ಟಿನಲ್ಲಿ ಪಾಲುಗಾರಳಾದೆ ಎಂದು ನನಗೆ ಒಳಗೊಳಗೇ ಹೆಮ್ಮೆ ಬೇರೆ.

ಆ ವರ್ಷ ಘಟ ಕೂಡುವುದಕ್ಕೆ ಮೂರು ದಿನ ಮೊದಲು ಚಕ್ಕಡಿ ಹೂಡಿಸಿಕೊಂಡು ಹಾಸಿಗೆಯೆಲ್ಲ ಹಳ್ಳಕ್ಕೆ ಹೋಯಿತು. ಕೌದಿ, ಜಮಖಾನೆ, ದಿಂಬಿನ ಚೀಲ, ಅಜ್ಜನ ಅಂಗಿ, ಧೋತರ, ಪಟಕಾ, ಯಾವುದನ್ನೂ ಬಿಡಲಿಲ್ಲ. ಎಲ್ಲವೂ ಸೋಡಾದಲ್ಲಿ ಕುದ್ದು, ಬಂಡೆಯ ಮೇಲೆ ಬಡಿಸಿಕೊಂಡು, ಗರಿಗರಿಯಾಗಿ ಮನೆಗೆ ಬಂದವು. ಗೋಡೆಗೆ ಸುಣ್ಣ ಹಚ್ಚಿದರು, ನೆಲ ಸಾರಿಸಿದರು. ಮರುದಿನ ಮನೆಯಲ್ಲಿ ಯಾವ ಮನುಷ್ಯನ ವಾಸನೆಯೂ ಇರಲಿಲ್ಲ, ಸುಣ್ಣದ್ದು ಸಗಣಿಯದ್ದು ಅಷ್ಟೆ. ಅದರ ಮರುದಿನ ನಸುಕಿನಲ್ಲಿ, ಹೊಸದಾಗಿ ಒಗೆದ ಕೌದಿ ಮತ್ತೆ ತೊಯ್ದಿತ್ತು. ಘಟ ಕೂಡುವ ಹಿಂದಿನ ದಿನ ಮೈಲಿಗೆಯ ಕೌದಿ ಮನೆಯಲ್ಲಿದೆ ಎಂದು ಸೊಸೆಯರಿಗೆ ಗೊತ್ತಾದರೆ ಗತಿ ಏನು? ಆಯಿ ಅಜ್ಜನಿಗೆ ಮಡಿಧೋತರ ಉಡಿಸಿ, ಪಟಕಾ ಸುತ್ತಿ, ಹೊರಗೆ ಕಟ್ಟೆಯ ಮೇಲೆ ಕೂಡಿಸಿದಳು. ಒದ್ದೆ ಧೋತರವನ್ನು ಅಲ್ಲೇ ಬಕೆಟ್ಟಿನಲ್ಲಿ ಹಿಂಡಿದಳು, ಅಜ್ಜ ಮಲಗಿದ ಜಾಗವನ್ನು ಸಾರಿಸಿದಳು. ಕೌದಿಯನ್ನು ಒಗೆಯುವಷ್ಟು ಹೊತ್ತು ಇರಲಿಲ್ಲ. ನಾನೊಂದು ತುದಿ, ಆಯಿ ಒಂದು ತುದಿ ಹಿಡಿದು ಅದನ್ನು ಹಿತ್ತಿಲಿಗೆ ಒಯ್ದು ಬಣವೆಯ ಬುಡದ ಕಣಿಕೆ ಸರಿಸಿ ಒಳಗೆ ತುರುಕಿದೆವು. ಹಬ್ಬದ ಗದ್ದಲ ಮುಗಿದ ಮೇಲೆ ಸುಮ್ಮನೆ ಒಗೆದರಾಯಿತು ಎಂದಳು. ಕೈ ತೊಳೆದು ನಾವು ಮುಂಬಾಗಿಲಿಗೆ ಬಂದಾಗ ಕಟ್ಟೆ ಖಾಲಿ ಇತ್ತು. ಚಪ್ಪಲಿ ಇರಲಿಲ್ಲ, ಪಡಸಾಲೆಯ ಮೂಲೆಯಲ್ಲಿ ಗಜವೂ ಇರಲಿಲ್ಲ.

ಮೊದಲು ಯಾರಿಗೂ ಗಾಬರಿಯಾಗಲಿಲ್ಲ. ಗುಡಿಯಲ್ಲಿರಬಹುದು, ಬಸ್ ಸ್ಟ್ಯಾಂಡಿನಲ್ಲಿರಬಹುದು, ಯಾರೋ ಚಹಾಕ್ಕೆ ಕರೆದಿರಬಹುದು. ಬಿಸಿಲೇರಿದ ಮೇಲೆ ಸೈಕಲ್ಲುಗಳು ಗಜೇಂದ್ರಗಡದ ದಾರಿಯಲ್ಲೊಂದು, ಅಸೂಟಿಯ ಕಡೆಗೊಂದು ಹೋದವು. ಮಧ್ಯಾಹ್ನಕ್ಕೆ ಎಲ್ಲವೂ ಬರಿಗೈಯಲ್ಲಿ ತಿರುಗಿ ಬಂದವು. ಅಪ್ಪನಿಗೆ ಫೋನು ಹೋಯಿತು. ತಪ್ಪಿಸಿಕೊಂಡ ಮುದುಕನಿಗೆಲ್ಲ ಸರಕಾರದ ನಾಯಿ ಬರುವುದಿಲ್ಲ. ಅಪ್ಪ ತನ್ನ ಸಾಹೇಬರ ಮುಂದೆ ಕೈಮುಗಿದು ನಿಂತನಂತೆ. ಹಬ್ಬದ ಬಂದೋಬಸ್ತು ಶುರುವಾಗುತ್ತದೆ, ನಾಳೆ ಮಧ್ಯಾಹ್ನದೊಳಗೆ ನಾಯಿ ಇಲ್ಲಿರಬೇಕು ಎಂದು ಹೇಳಿ ಅವರು ಬಿಟ್ಟರಂತೆ. ಜೀಪು ಬಂದಾಗ ಹೊತ್ತು ಇನ್ನೂ ಮೇಲಿತ್ತು, ಆದರೆ ಪಡುವಣ ಕಡೆ ಹಸ್ತ ಮಳೆಯ ಮೋಡ ಕಪ್ಪಗೆ ಕಟ್ಟಿತ್ತು. ಅಪ್ಪ ಮೋಡ ನೋಡಿದ, ಆಮೇಲೆ ನಮ್ಮನ್ನು ನೋಡಿದ. ಮಳೆ ಬಿದ್ದರೆ ದಾರಿಯ ವಾಸನೆಯೆಲ್ಲ ಹೋಗುತ್ತದೆ, ಇರುವುದು ಎರಡು ತಾಸು, ಅಜ್ಜ ಮೈಗೆ ಹಾಕಿದ ಒಗೆಯದ ಅರಿವೆ ಏನಿದೆ ಲಗೂ ಕೊಡಿ ಎಂದ.

ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲ ಒಗೆದೇವಲ್ರಿ, ಹಬ್ಬ ಅಲ್ಲೇನ್ರಿ ಅಂದಳು ನನ್ನ ಅವ್ವ, ತಪ್ಪು ಮಾಡಿದವಳಂತೆ. ಚಪ್ಪಲಿ ಅಜ್ಜನ ಕಾಲಲ್ಲೇ ಹೋಗಿದ್ದವು, ಗಜ ಅವನ ಕೈಯಲ್ಲಿ. ಬೆಳಗಿನಿಂದ ಓಣಿಯ ಮಂದಿಯೆಲ್ಲ ಸಮಾಧಾನ ಹೇಳಲು ಬಂದು ಅಜ್ಜ ಕೂತ ಕಟ್ಟೆಯ ಮೇಲೆಯೇ ಕೂತು ಹೋಗಿದ್ದರು. ಅಪ್ಪ ಒಗೆದ ದಿಂಬನ್ನೇ ತೆಗೆದು ರೀಟಾಗೆ ಮೂಸಿಸಿದ. ರೀಟಾ ಮೂಸಿತು, ಹೊಸ್ತಿಲಲ್ಲಿ ಎರಡು ಸುತ್ತು ಸುತ್ತಿತು, ಮತ್ತೆ ದಿಂಬಿಗೆ ಬಂದು ಮೂಸಿತು. ಆಮೇಲೆ ಬೀದಿಗೆ ಇಳಿಯುವ ಬದಲು ತಿರುಗಿ ಮನೆಯೊಳಗೆ ನುಗ್ಗಿತು. ಪಡಸಾಲೆ ದಾಟಿ, ಅಡುಗೆಮನೆ ದಾಟಿ, ಅಪ್ಪನನ್ನು ಎಳೆದುಕೊಂಡು ಹಿತ್ತಿಲಿಗೆ ಹೋಯಿತು. ಬಣವೆಯ ಬುಡದಲ್ಲಿ, ಕಣಿಕೆ ಸರಿಸಿದ ಜಾಗದ ಮುಂದೆ ಕೂತಿತು. ಬೆನ್ನು ನೆಟ್ಟಗೆ, ಕಿವಿ ನೆಟ್ಟಗೆ, ಅಪ್ಪನ ಮುಖ ನೋಡುತ್ತ.

ಹಿತ್ತಿಲ ತುಂಬ ಮಂದಿ. ಜೀಪಿನಲ್ಲಿ ಬಂದ ಇನ್ನೊಬ್ಬ ಪೊಲೀಸು, ಸೊಸೆಯರು, ನೆರೆಮನೆಯ ಗಂಡಸರು. ಅಲ್ಲಿ ಏನಿದೆ ಎಂದು ಅಪ್ಪ ಕೇಳಿದ. ನಾನು ಆಯಿಯ ಮುಖ ನೋಡಿದೆ. ಆಯಿ ಸೆರಗು ಎಳೆದುಕೊಂಡಳು. ಅಷ್ಟು ಜನರ ಮುಂದೆ ಆ ಕೌದಿ ಹೊರಬಂದರೆ ಅಜ್ಜ ತಿರುಗಿ ಬಂದ ಮೇಲೆ ಈ ಊರಲ್ಲಿ ಹೇಗೆ ತಲೆಯೆತ್ತುತ್ತಾನೆ ಎಂಬುದೊಂದೇ ಆಕೆಯ ತಲೆಯಲ್ಲಿದ್ದದ್ದು. ಅಜ್ಜ ತಿರುಗಿ ಬರುತ್ತಾನೆ ಎಂಬುದರಲ್ಲಿ ಆಗ ಆಕೆಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದಕ್ಕೇ ಹಾಗೆ ಹೇಳಿದಳು.

"ಬೆಕ್ಕ ಮರಿ ಹಾಕೇತಪ್ಪಾ ಅಲ್ಲೆ. ಅದರ ವಾಸನಿಗೆ ಬಂದಾಳ ರೀಟವ್ವ."

ಅಪ್ಪ ನನ್ನ ಕಡೆ ನೋಡಿದ. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಎಮ್ಮೆಯ ಹಗ್ಗ ಹಿಡಿದು ನಿಂತೆ. ಅಪ್ಪ ಪಟ್ಟಾ ಜಗ್ಗಿದ. ರೀಟಾ ಎದ್ದು ನಾಲ್ಕು ಹೆಜ್ಜೆ ಬಂದು, ಮತ್ತೆ ತಿರುಗಿ ಹೋಗಿ ಅದೇ ಜಾಗದಲ್ಲಿ ಕೂತಿತು. ಮೊದಲ ಗುಡುಗು ಆಗಲೇ ಕೇಳಿದ್ದು. ಅಪ್ಪ ಪಟ್ಟಾದ ತುದಿಯಿಂದ ಅದರ ಬೆನ್ನಿಗೆ ಬಾರಿಸಿದ. ಅವನು ರೀಟಾಗೆ ಹೊಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದು ಕೂಗಲಿಲ್ಲ. ಕಿವಿ ಮಡಚಿ ಎದ್ದು ಅಪ್ಪನ ಹಿಂದೆ ಹೊರಟಿತು. ಬೀದಿಯ ತಿರುವಿನವರೆಗೆ ಹೋಗಿ ಅತ್ತಿತ್ತ ಮೂಸಿ ನಿಂತಿತು, ಅಷ್ಟರಲ್ಲಿ ದಪ್ಪ ಹನಿ ಬಿದ್ದವು. ಆ ಸಂಜೆ ಕರಿಮಣ್ಣಿನ ಎರಿ ಹೊಲಗಳೆಲ್ಲ ಕೆರೆಯಾಗುವಂತೆ ಮಳೆ ಹೊಡೆಯಿತು. ಆಯಿ ಬಾಗಿಲಲ್ಲಿ ಕೂತು, ತೊಯ್ಸಿಕೋತಾರ, ತೊಯ್ಸಿಕೋತಾರ ಎಂದು ಒಂದೇ ಮಾತು ಹೇಳುತ್ತಿದ್ದಳು.

ಬೆಳಕು ಹರಿದಾಗ ಆಯಿಯೇ ಹಿತ್ತಿಲಿಗೆ ಹೋಗಿ ಕೌದಿ ಎಳೆದು ತಂದು ಅಪ್ಪನ ಮುಂದೆ ಹಾಕಿದಳು. ಅಪ್ಪ ಮೊದಲು ಅದು ಏನೆಂದು ತಿಳಿಯದೆ ನೋಡಿದ, ಆಮೇಲೆ ಬಗ್ಗಿ ಮೂಸಿದ. ಅವನ ಮುಖದಲ್ಲಿ ಒಂದೊಂದೇ ಅರ್ಥವಾಗುತ್ತ ಹೋದದ್ದು ನನಗೆ ಕಾಣುತ್ತಿತ್ತು. ಅವನು ಆಯಿಯನ್ನು ಬೈಯಲಿಲ್ಲ. ಕಟ್ಟೆಗೆ ಕಟ್ಟಿದ್ದ ರೀಟಾದ ಹತ್ತಿರ ಹೋಗಿ ನೆಲದ ಮೇಲೆ ಕೂತು, ಬಾರಿಸಿದ ಜಾಗದ ಮೇಲೆ ಅಂಗೈ ಇಟ್ಟು, "ನೀ ಖರೇ ಹೇಳಿದ್ದಿ" ಅಂದ. ಆಮೇಲೆ ನನ್ನ ಕಡೆ ತಿರುಗಿ, ನಿನಗ ಗೊತ್ತಿತ್ತೇನು ಎಂದು ಕೇಳಿದ. ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಆಯಿ ನನ್ನನ್ನು ನೋಡಿದಳು. ನಾನು ಆಕೆಯ ಗುಟ್ಟನ್ನು ಕಾಯ್ದ ಹಾಗೆ ಅಂದಿನಿಂದ ಆಕೆ ನನ್ನದನ್ನು ಕಾಯ್ದಳು. ಕೌದಿ ಮೂಸಿದ ರೀಟಾ ಆ ಮುಂಜಾನೆ ಕೆಸರಿನಲ್ಲಿ ಊರು ದಾಟಿ ಮುಶಿಗೇರಿಯ ಕಡೆಯ ಹೊಲಗಳ ಬದುವಿನವರೆಗೆ ಹೋಯಿತು. ಅಲ್ಲಿ ನೀರು ನಿಂತಿತ್ತು. ನೀರಿನ ಮುಂದೆ ನಿಂತು ಅಪ್ಪನನ್ನು ನೋಡಿತು, ಕೂಡಲಿಲ್ಲ. ಮಧ್ಯಾಹ್ನಕ್ಕೆ ಜೀಪು ಹೊರಟುಹೋಯಿತು.

ಅಜ್ಜ ಸಿಗಲಿಲ್ಲ. ಮೂರು ತಿಂಗಳ ಮೇಲೆ ಹತ್ತಿ ಬಿಡಿಸುವ ಹೆಣ್ಣುಮಕ್ಕಳಿಗೆ ಮುಶಿಗೇರಿಯಾಚೆಯ ಹೊಲವೊಂದರಲ್ಲಿ ಕಬ್ಬಿಣದ ಗಜ ಸಿಕ್ಕಿತು, ತುಕ್ಕು ಹಿಡಿದಿತ್ತು. ಅದರ ಸುತ್ತಲಿನ ಬಾವಿ, ಹಳ್ಳ, ಮುಳ್ಳಿನ ಪೊದೆ ಎಲ್ಲವನ್ನೂ ಅಪ್ಪ ರಜೆ ಹಾಕಿ ಹುಡುಕಿದ. ಆ ಗಜ ಒಂದು ಸಿಗದೇ ಹೋಗಿದ್ದರೆ ಎಷ್ಟೋ ಚಲೋ ಇತ್ತು, ಅಜ್ಜ ಯಾವುದೋ ಊರಲ್ಲಿ ಯಾರದೋ ಮನೆಯ ರೊಟ್ಟಿ ತಿನ್ನುತ್ತಿದ್ದಾನೆ ಎಂದು ಹೇಳಿಕೊಳ್ಳಬಹುದಿತ್ತು. ಕೌದಿಯನ್ನು ಅಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ಯಾರೂ ಮುಟ್ಟಬೇಡಿ, ಕೈ ಹಚ್ಚಿದರೆ ಕೈಯ ವಾಸನೆ ಕೂಡುತ್ತದೆ ಎಂದು ಎಲ್ಲರಿಗೂ ಹೇಳಿದ. ಎಲ್ಲೋ ಒಬ್ಬ ಮುದುಕನಿದ್ದಾನೆ ಎಂದು ಸುದ್ದಿ ಬಂದಾಗಲೆಲ್ಲ, ಗಜೇಂದ್ರಗಡದ ಗುಡ್ಡದ ಕೆಳಗೆ, ಯಾವುದೋ ಮಠದ ಪಡಸಾಲೆಯಲ್ಲಿ, ಅವನು ಟ್ರಂಕನ್ನು ಒಯ್ಯುತ್ತಿದ್ದ. ಮುದುಕರು ಇರುತ್ತಿದ್ದರು, ನಮ್ಮವನಲ್ಲ. ಹೆಣ ಸಿಗದ್ದರಿಂದ ಆಯಿ ಮುತ್ತೈದೆಯೂ ಆಗಿ ಉಳಿಯಲಿಲ್ಲ, ವಿಧವೆಯೂ ಆಗಲಿಲ್ಲ. ಹಬ್ಬದಲ್ಲಿ ಉಡಿ ತುಂಬಲು ಬಂದವರ ಕುಂಕುಮದ ಕೈ ಆಕೆಯ ಮುಂದೆ ಬಂದು ಅನುಮಾನಿಸಿ ನಿಲ್ಲುತ್ತಿತ್ತು. ಹಚ್ಚಬ್ಯಾಡ್ರೆವ್ವಾ, ಮುಂದ ಹೋಗ್ರಿ ಎಂದು ಆಕೆಯೇ ಹೇಳುತ್ತಿದ್ದಳು. ಕೊನೆಗಾಲದಲ್ಲಿ ನನ್ನೊಬ್ಬಳನ್ನೇ ಕರೆದು ಆಡಿದ ಮಾತು ಒಂದು.

"ಅವರ ಮಾನ ಉಳಿಸೀನಿ ಅನಕೊಂಡಿದ್ದೆ ಸಾವಿ. ಅವರನ್ನ ಉಳಿಸಬೇಕಿತ್ತು."

ರೀಟಾ ಇಲಾಖೆಯಿಂದ ನಿವೃತ್ತಿಯಾದ ಮೇಲೆ ಅಪ್ಪ ರೋಣದ ಠಾಣೆಗೇ ವರ್ಗ ಮಾಡಿಸಿಕೊಂಡು ಅದನ್ನು ಮನೆಗೆ ತಂದ. ಮೂತಿಯ ಮೇಲೆ ಬಿಳಿಗೂದಲು ಬಂದಿದ್ದವು, ಹಿಂಗಾಲು ಎಳೆಯುತ್ತಿತ್ತು. ಈಗ ಯಾರ ಕೈಯಿಂದಾದರೂ ತಿನ್ನಬಹುದಿತ್ತು, ಕಲಿಸಿದ್ದು ಮಾತ್ರ ಹೋಗಲಿಲ್ಲ. ಆಯಿ ಹಾಕಿದ ರೊಟ್ಟಿಯ ಮುಂದೆ ಕೂತು ಅಪ್ಪ ಬರುವ ತನಕ ಕಾಯುತ್ತಿತ್ತು. ಹಗಲೆಲ್ಲ ಅಜ್ಜನ ಕಟ್ಟೆಯ ಮೇಲೆ ಬಿದ್ದಿರುತ್ತಿತ್ತು. ಹಿತ್ತಿಲಿಗೆ ಹೋಗಬೇಕಾದರೆ ಎಮ್ಮೆಯ ಹಿಂದಿನಿಂದ ಬಳಸಿ ಹೋಗುತ್ತಿತ್ತೇ ಹೊರತು ಬಣವೆಯ ಹತ್ತಿರ ಒಂದು ದಿನವೂ ಸುಳಿಯಲಿಲ್ಲ. ಖರೇ ಹೇಳಿದರೆ ಬಾರಿಸುತ್ತಾರೆ ಎಂದು ಅದು ಅಲ್ಲಿ ಕಲಿತಿತ್ತು. ಅದು ಹಾಗೆ ಬಳಸಿ ನಡೆಯುವುದನ್ನು ಅಪ್ಪ ದಿನಾ ನೋಡುತ್ತಿದ್ದ. ಒಂದು ವರ್ಷ ಕಣಿಕೆ ಕೊಳ್ಳುವುದನ್ನೇ ಬಿಟ್ಟ, ಎಮ್ಮೆಯನ್ನೂ ಮಾರಿದ. ಬಣವೆಯಿದ್ದ ಜಾಗ ಬಯಲಾದರೂ ರೀಟಾ ಸುತ್ತುಬಳಸಿಯೇ ನಡೆಯಿತು. ಸತ್ತ ದಿನ ಅದನ್ನು ಹಿತ್ತಿಲಲ್ಲೇ ಮಣ್ಣು ಮಾಡಿದೆವು, ಅಪ್ಪ ಪಟ್ಟಾಕ್ಕೆ ಎಣ್ಣೆ ತಿಕ್ಕಿ ಅದರ ಜೊತೆಗೇ ಇಟ್ಟ.

ನಾನು ಮಾಡಿದ ಇನ್ನೊಂದು ಕೆಲಸವನ್ನೂ ಹೇಳಿಬಿಡುತ್ತೇನೆ. ಪ್ರತಿ ಮಾನವಮಿಗೆ, ಮನೆಯವರು ಹಳ್ಳಕ್ಕೆ ಹೋದಾಗ, ನಾನು ಆ ಟ್ರಂಕು ತೆಗೆದು ಕೌದಿಯಲ್ಲಿ ಮುಖ ಇಡುತ್ತಿದ್ದೆ. ಮೊದಮೊದಲು ಅಜ್ಜ ಅಲ್ಲಿದ್ದ. ತಂಬಾಕು, ಬೂದಿ, ಹುಳಿ ಹುಳಿಯಾದ ಉಚ್ಚೆಯ ವಾಸನೆ, ಅದರ ಕೆಳಗೆ ಎಲ್ಲೋ ಗಂಜಿ. ಹೇಸಿಗೆ ಎನಿಸುತ್ತಿರಲಿಲ್ಲ. ತಪ್ಪಾಯಿತು ಎಂದು ಹೇಳಲು ನನಗಿದ್ದ ಒಂದೇ ಕಿವಿ ಆ ಕೌದಿ. ಮುಟ್ಟಬಾರದೆಂದು ಗೊತ್ತಿದ್ದೂ ಮುಟ್ಟುತ್ತಿದ್ದೆ, ಕೆಂಪು ಅಂಚನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೆ, ಅದರ ಮೇಲೆಯೇ ಅಳುತ್ತಿದ್ದೆ. ಮದುವೆಯಾಗಿ ನರಗುಂದಕ್ಕೆ ಬರುವಾಗ ಟ್ರಂಕನ್ನು ನನಗೆ ಕೊಡು ಎಂದು ಅಪ್ಪನನ್ನು ಬೇಡಿ ತಂದುಕೊಂಡೆ. ಯಾಕೆ ಎಂದು ಅವನು ಕೇಳಲಿಲ್ಲ. ಆಯಿ ಹೋದಳು, ಅವ್ವ ಹೋದಳು. ಪಾಲಾಗಿ ಮನೆ ಬಿಚ್ಚಿದರು, ಕಟ್ಟೆಯಿದ್ದಲ್ಲಿ ಈಗ ಮೊಬೈಲು ರಿಪೇರಿಯ ಅಂಗಡಿ ಇದೆ, ರೀಟಾ ಇರುವ ಹಿತ್ತಿಲ ಜಾಗದ ಮೇಲೆ ಸಿಮೆಂಟು. ಅಪ್ಪ ಹೋಗಿ ಐದು ವರ್ಷವಾಯಿತು. ದವಾಖಾನೆಯಲ್ಲಿ ಅವನ ಅಂಗೈ ಹಿಡಿದು ಕೂತಾಗ ಹೇಳಬೇಕೆಂದು ಬಾಯಿ ತೆಗೆದೆ. ಅವನು ನನ್ನ ಮುಖ ನೋಡಿ, ಚಹಾ ಕುಡದಿಯೇನು ಎಂದ. ಹೂಂ ಎಂದೆ. ಅದೂ ಸುಳ್ಳೇ ಆಗಿತ್ತು.

ಹೋದ ವರ್ಷ ನಮ್ಮ ಸಾಲೆಯ ಮೈದಾನಕ್ಕೆ ಶ್ವಾನದಳದವರು ಮಕ್ಕಳಿಗೆ ತೋರಿಸಲೆಂದು ಒಂದು ನಾಯಿ ತಂದಿದ್ದರು. ಕಂದು ಬಣ್ಣದ್ದು, ಇನ್ನೂ ಎಳೆಯದು. ಮಕ್ಕಳು ಕರವಸ್ತ್ರ ಬಚ್ಚಿಟ್ಟರು, ಅದು ಹುಡುಕಿ ಕೂತಿತು, ಮಕ್ಕಳು ಚಪ್ಪಾಳೆ ಹೊಡೆದರು. ಅದನ್ನು ಹಿಡಿದಿದ್ದ ಪೊಲೀಸಿನವನು ಮುಶಿಗೇರಿ ಕಡೆಯವನೆಂದು ಮಾತಿನಲ್ಲಿ ತಿಳಿಯಿತು. ಎಲ್ಲ ಮುಗಿದು ಮಕ್ಕಳು ಊಟಕ್ಕೆ ಹೋದ ಮೇಲೆ, ಸಾಲೆಯ ಹಿಂದೆಯೇ ಇರುವ ಮನೆಗೆ ಓಡಿಹೋಗಿ ಟ್ರಂಕಿನಿಂದ ಕೌದಿ ತಂದೆ. ಏನು ಬಯಸಿದ್ದೆನೋ ನನಗೇ ಗೊತ್ತಿಲ್ಲ. ಇಷ್ಟು ವರ್ಷದ ಮೇಲೆ ಯಾರನ್ನು ಹುಡುಕುವುದು? ಇದರಲ್ಲಿ ನಮ್ಮ ಅಜ್ಜ ಇನ್ನೂ ಇದ್ದಾನೋ ಇಲ್ಲವೋ, ಅಷ್ಟು ಹೇಳಿದರೆ ಸಾಕು ಎಂದೆ. ಅವನು ಪಾಪ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಇಲ್ಲ ಎನ್ನಲಿಲ್ಲ. ಕೌದಿಯ ಅಂಚನ್ನು ನಾಯಿಯ ಮೂಗಿಗೆ ಹಿಡಿದ.

ನಾಯಿ ಬಹಳ ಹೊತ್ತು ಮೂಸಿತು. ಕಣ್ಣು ಅರೆಮುಚ್ಚಿ, ಪದರ ಪದರದೊಳಗೆ ಮೂತಿ ತೂರಿಸಿ ಮೂಸಿತು. ಖಾಲಿ ಮೈದಾನದ ಕಡೆ ಒಮ್ಮೆ ನೋಡಿತು. ಗೇಟಿನ ಕಡೆ ಹೋಗಲಿಲ್ಲ. ಸುತ್ತಲೂ ತಿರುಗಲಿಲ್ಲ. ನೇರವಾಗಿ ಬಂದು ನನ್ನ ಮುಂದೆ ಕೂತಿತು. ಬೆನ್ನು ನೆಟ್ಟಗೆ, ಕಿವಿ ನೆಟ್ಟಗೆ, ತನ್ನವನ ಮುಖ ನೋಡುತ್ತ. ಅವನಿಗೆ ಸಂಕೋಚವಾಯಿತು. ಇದರಾಗ ಈಗ ನಿಮ್ಮ ವಾಸನಿ ಬಿಟ್ರ ಏನೂ ಉಳಿದಿಲ್ರಿ ಟೀಚರ್, ಅದಕ್ಕ ನಿಮ್ಮ ಕಡೆ ಬಂತು, ತಪ್ಪ ತಿಳ್ಕೋಬ್ಯಾಡ್ರಿ ಎನ್ನುತ್ತ ಪಟ್ಟಾ ಎಳೆಯತೊಡಗಿದ.

"ಜಗ್ಗಬ್ಯಾಡಪ್ಪಾ," ಅಂದೆ. "ಅದು ಖರೇ ಹೇಳೇತಿ."

ಅವನಿಗೆ ಅರ್ಥವಾಗಲಿಲ್ಲ, ಆದರೂ ಪಟ್ಟಾ ಸಡಿಲ ಬಿಟ್ಟ. ನಾಯಿ ಕೂತೇ ಇತ್ತು. ಅಷ್ಟರಲ್ಲಿ ಊಟದ ಬಿಡುವು ಮುಗಿದು ಗಂಟೆ ಹೊಡೆಯಿತು. ನಾನು ಕೌದಿಯನ್ನು ಮಡಚಿ ಎದೆಗಿಟ್ಟುಕೊಂಡು ಮನೆಯ ಕಡೆ ನಡೆದೆ.